ಜಕ್ಕೂರಿನಲ್ಲಿ ಬಿಚ್ಚಿದ ಎಳೆ

ಕ್ಯಾನ್ಸರಿಗೆ ಕನ್ನಡದಲ್ಲಿ ಏಡಿಗಂತಿ ಎಂಬ ಮಾತೂ ಉಂಟು. ಉರ್ದುವಿನಲ್ಲಿ ಅದು ಸರತಾನ್. ಅರಬ್ಬಿಯಿಂದ ಬಂದ ಈ ಪದಕ್ಕೂ ಏಡಿ ಎಂದೇ ಅರ್ಥ. ಗ್ರೀಕ್ ವೈದ್ಯರು ಕಾರ್ಕಿನೋಸ್ ಎಂದರು, ಲ್ಯಾಟಿನಿನಲ್ಲಿ ಅದೇ ಕ್ಯಾನ್ಸರ್ ಆಯಿತು. ಭಾಷೆ ಬೇರೆಯಾದರೂ ಎಲ್ಲ ಕಡೆ ಏಡಿಯೇ. ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಹಳೆಯ ವೈದ್ಯರ ಕಣ್ಣಿಗೆ ಏಡಿಯ ಕಾಲುಗಳಂತೆ ಕಂಡಿದ್ದವು. 11ನೇ ಶತಮಾನದ ಆರಂಭದಲ್ಲಿ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಈ ರೋಗದ ಬಗ್ಗೆ ಬರೆಯುತ್ತಾ, ಆರಂಭದಲ್ಲಿ ಇದನ್ನು ಹತೋಟಿಯಲ್ಲಿಡಲು ಸಾಧ್ಯವಾಗಬಹುದು, ಬೆಳೆದ ಮೇಲೆ ಬಹಳ ಕಷ್ಟ ಎಂದು ಎಚ್ಚರಿಸಿದ್ದರು. ಸಾವಿರ ವರ್ಷಗಳ ನಂತರವೂ ಆ ಎಚ್ಚರಿಕೆಯನ್ನು ಯಾರೂ ಅಲ್ಲಗಳೆಯಲಾರರು.

ಹಳೆಯ ವೈದ್ಯರು ಏಡಿಯನ್ನು ಹೊರಗಿನಿಂದ ಕಂಡರು. ಅದು ಒಳಗೆ ಹುಟ್ಟುವುದು ಹೇಗೆ? ನಿನ್ನೆಯವರೆಗೆ ತನ್ನ ಪಾಡಿಗೆ ತಾನು ದುಡಿಯುತ್ತಿದ್ದ ಒಂದು ಜೀವಕೋಶ ಇಂದು ಏಕೆ ಹತೋಟಿ ತಪ್ಪಿ ಬೆಳೆಯುತ್ತದೆ? ಈ ಪ್ರಶ್ನೆಗೆ ಕಳೆದ ನೂರೈವತ್ತು ವರ್ಷಗಳಲ್ಲಿ ತುಣುಕು ತುಣುಕಾಗಿ ಉತ್ತರಗಳು ಸಿಕ್ಕಿವೆ. ಅವುಗಳಲ್ಲಿ ಒಂದು ತುಣುಕು ನಮ್ಮ ಬೆಂಗಳೂರಿನ ಉತ್ತರದ ಅಂಚಿನ ಜಕ್ಕೂರಿನಲ್ಲಿ ಸಿಕ್ಕಿತು ಎಂಬುದು ಅನೇಕರಿಗೆ ಗೊತ್ತಿಲ್ಲ.

ಜಕ್ಕೂರು ಎಂದರೆ ಜನರಿಗೆ ನೆನಪಾಗುವುದು ಅಲ್ಲಿನ ಕೆರೆ ಮತ್ತು ಪುಟ್ಟ ವಿಮಾನಗಳು ಹಾರುವ ವೈಮಾನಿಕ ತರಬೇತಿ ಶಾಲೆ. ನೆಹರೂ ಅವರ ಜನ್ಮಶತಮಾನೋತ್ಸವದ ವರ್ಷವಾದ 1989ರಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಮುಂದೆ ಭಾರತ ರತ್ನ ಪಡೆದ ಸಿ.ಎನ್.ಆರ್. ರಾವ್ ಅದರ ಸ್ಥಾಪಕ ಅಧ್ಯಕ್ಷರು. ಈ ಸಂಸ್ಥೆಯ ಆವರಣ ಇರುವುದು ಜಕ್ಕೂರಿನಲ್ಲಿ. ನಮ್ಮ ಕಥೆ ಅಲ್ಲಿಗೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೂಲು ಮತ್ತು ಅಂಟು

ಶಿಡ್ಲಘಟ್ಟದಲ್ಲೋ ರಾಮನಗರದಲ್ಲೋ ರೇಷ್ಮೆ ನೂಲು ಬಿಚ್ಚುವ ಮನೆಗಳನ್ನು ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಎಳೆ ಇರುತ್ತದೆ. ಆದರೆ ಗೂಡನ್ನು ಕೈಯಲ್ಲಿ ಹಿಡಿದು ಎಳೆದರೆ ಎಳೆ ಬರುವುದಿಲ್ಲ. ಹುಳು ಉಗುಳಿದ ಅಂಟು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಹಾಕಿದರೆ ಅಂಟು ಸಡಿಲಗೊಂಡು ಎಳೆಯ ತುದಿ ಸಿಗುತ್ತದೆ, ಚರಕ ತಿರುಗುತ್ತದೆ.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಕೇಂದ್ರದಲ್ಲಿ ಅದು ತುಂಬಿಕೊಂಡಿರುವುದು ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡು. ಎಂಟು ಹಿಸ್ಟೋನ್‌ಗಳ ಒಂದು ಉಂಡೆ, ಅದರ ಮೇಲೆ ಎರಡಕ್ಕೆ ಸ್ವಲ್ಪ ಕಡಿಮೆ ಸುತ್ತು ಡಿಎನ್‌ಎ, ಪಕ್ಕದಲ್ಲಿ ಮತ್ತೊಂದು ಉಂಡೆ. ಹಿಸ್ಟೋನ್‌ಗೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ ವಿದ್ಯುದಂಶ. ಈ ಸೆಳೆತವೇ ಇಲ್ಲಿನ ಅಂಟು. ಎಳೆ ಬಿಗಿಯಾಗಿ ಸುತ್ತಿದ್ದಲ್ಲಿ ಅದರಲ್ಲಿ ಬರೆದದ್ದನ್ನು ಕೋಶ ಓದಲಾರದು. ಸಡಿಲವಾದಲ್ಲಿ ಓದಬಹುದು. ಕಣ್ಣಿನ ಕೋಶದಲ್ಲೂ ಚರ್ಮದ ಕೋಶದಲ್ಲೂ ಇರುವ ಗ್ರಂಥ ಒಂದೇ. ಯಾವ ಪುಟ ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಹಿಸ್ಟೋನನ್ನು ಮೊದಲು ಕಂಡವರು ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್. 1884ರಲ್ಲಿ ಹೆಬ್ಬಾತಿನ ರಕ್ತಕಣಗಳಿಂದ ಅವರು ಅದನ್ನು ಬೇರ್ಪಡಿಸಿದರು. ಅದರ ಕೆಲಸ ಏನೆಂದು ಬಹುಕಾಲ ಯಾರಿಗೂ ಸ್ಪಷ್ಟವಾಗಲಿಲ್ಲ. ಎಂಬತ್ತು ವರ್ಷಗಳ ನಂತರ, 1964ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಆಲ್‌ಫ್ರೇ ಮತ್ತು ಅವರ ಸಂಗಡಿಗರು ಒಂದು ವಿಷಯ ಗಮನಿಸಿದರು. ಹಿಸ್ಟೋನ್‌ಗಳಿಗೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿದಾಗ ಡಿಎನ್‌ಎ ಓದುವ ಕೆಲಸ ಚುರುಕಾಗುತ್ತಿತ್ತು. ಅಸಿಟೈಲ್ ಅಂಟಿದ ಜಾಗದಲ್ಲಿ ಧನ ವಿದ್ಯುದಂಶ ಇಲ್ಲವಾಗುತ್ತದೆ, ಸೆಳೆತ ತಗ್ಗುತ್ತದೆ, ಎಳೆ ಸಡಿಲಗೊಳ್ಳುತ್ತದೆ. ಬಿಸಿನೀರಿಗೆ ಬಿದ್ದ ಗೂಡಿನ ಹಾಗೆ.

ಹಾಗಾದರೆ ಅಸಿಟೈಲನ್ನು ಅಂಟಿಸುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ ಮೂವತ್ತೆರಡು ವರ್ಷ ಬೇಕಾಯಿತು. 1996ರಲ್ಲಿ ಡೇವಿಡ್ ಆಲಿಸ್ ತಂಡ ಕೆರೆಕುಂಟೆಗಳ ನೀರಿನಲ್ಲಿ ಬದುಕುವ ಟೆಟ್ರಹೈಮಿನಾ ಎಂಬ ಏಕಕೋಶ ಜೀವಿಯಿಂದ ಅಂಥ ಒಂದು ಕಿಣ್ವವನ್ನು ಹಿಡಿಯಿತು. ಅದೇ ವರ್ಷ ಅಸಿಟೈಲನ್ನು ಕಿತ್ತುಹಾಕುವ ಕಿಣ್ವವೂ ಸಿಕ್ಕಿತು. ಮನುಷ್ಯರ ಕೋಶದಲ್ಲಿರುವ ಪಿ300 ಎಂಬ ದೊಡ್ಡ ಪ್ರೋಟೀನು ಅಂಟಿಸುವ ಕೆಲಸ ಮಾಡುತ್ತದೆ ಎಂಬುದೂ ಅದೇ ವರ್ಷ ಗೊತ್ತಾಯಿತು. ಮರುವರ್ಷ ರಾಕ್‌ಫೆಲರ್ ವಿಶ್ವವಿದ್ಯಾಲಯದ ರಾಬರ್ಟ್ ರೋಡರ್ ಅವರ ಪ್ರಯೋಗಾಲಯದಿಂದ ಇನ್ನೊಂದು ಸುದ್ದಿ ಬಂತು. ಪಿ300 ಹಿಸ್ಟೋನ್‌ಗಳಿಗೆ ಮಾತ್ರವಲ್ಲ, ಪಿ53 ಎಂಬ ಪ್ರೋಟೀನಿಗೂ ಅಸಿಟೈಲ್ ಅಂಟಿಸುತ್ತದೆ. ಪಿ53 ಎಂದರೆ ಕೋಶ ದಾರಿ ತಪ್ಪದಂತೆ ಕಾಯುವ ಕಾವಲುಗಾರ. ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಕೆಟ್ಟುಹೋಗಿರುವುದು ಇದೇ ಕಾವಲುಗಾರ. ಅಲ್ಲಿಂದ ಮುಂದೆ ಈ ಕಿಣ್ವಗಳನ್ನು ಕ್ಯಾನ್ಸರಿನಿಂದ ಬೇರ್ಪಡಿಸಿ ನೋಡಲು ಆಗಲಿಲ್ಲ.

ಗುರು, ಶಿಷ್ಯ, ಶಿಷ್ಯರ ಶಿಷ್ಯರು

ಈ ವಿದ್ಯೆ ಬೆಂಗಳೂರಿಗೆ ಹೊರಗಿನಿಂದ ಬಂದ ಹೊಸ ಸರಕಲ್ಲ. ಮೈಸೂರಿನಲ್ಲಿ 1948ರಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹಳ ವರ್ಷ ಹಿಸ್ಟೋನ್‌ಗಳ ಹಿಂದೆ ಬಿದ್ದಿದ್ದರು. ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನ್‌ಗಳು ಜಾಗ ಬಿಟ್ಟು ಬೇರೆ ಪ್ರೋಟೀನುಗಳು ಆ ಜಾಗಕ್ಕೆ ಬರುವುದು ಹೇಗೆ ಎಂಬುದು ಅವರ ಶೋಧ. ಹಿಸ್ಟೋನ್ ಬರೀ ಮೂಟೆ ಕಟ್ಟುವ ಹಗ್ಗ ಎಂದು ಅನೇಕರು ತಿಳಿದಿದ್ದ ಕಾಲ ಅದು.

ಅವರ ಬಳಿ ಡಾಕ್ಟರೇಟ್ ಮಾಡಲು ಬಂದವರಲ್ಲಿ ಬಂಗಾಳದ ತಪಸ್ ಕುಮಾರ್ ಕುಂಡು ಒಬ್ಬರು. ಕುಂಡು ಕೃಷಿ ಪದವೀಧರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ವಿಜ್ಞಾನದ ಸ್ನಾತಕೋತ್ತರ ಪದವಿ ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. 1995ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ನ್ಯೂಯಾರ್ಕಿನ ರೋಡರ್ ಅವರ ಪ್ರಯೋಗಾಲಯ ಸೇರಿದರು. ಪಿ300 ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸಿದಾಗ ಬಿಗಿದ ಎಳೆ ಸಡಿಲಗೊಂಡು ಓದು ಆರಂಭವಾಗುವುದನ್ನು ಅವರೂ ಸಂಗಡಿಗರೂ ಪ್ರನಾಳದಲ್ಲಿ ತೋರಿಸಿದ ಪ್ರಬಂಧ 2000ದಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ, 1999ರಲ್ಲೇ, ಅವರು ಜಕ್ಕೂರಿಗೆ ಬಂದು ಸ್ವಂತ ಪ್ರಯೋಗಾಲಯ ಆರಂಭಿಸಿದ್ದರು. 2003ರಲ್ಲಿ ಅವರ ಗುರು ಎಂ.ಆರ್.ಎಸ್. ರಾವ್ ಅವರೇ ಜಕ್ಕೂರು ಕೇಂದ್ರದ ಅಧ್ಯಕ್ಷರಾಗಿ ಬಂದರು, 2013ರವರೆಗೆ ಆ ಹೊಣೆ ಹೊತ್ತರು. 2023ರಲ್ಲಿ ಅವರು ತೀರಿಕೊಂಡಾಗ, ಶಿಷ್ಯರು ಮತ್ತು ಶಿಷ್ಯರ ಶಿಷ್ಯರು ಅವರ ಹೆಸರು ಹೇಳುವ ಕೆಲಸಗಳನ್ನು ಮಾಡುತ್ತಿದ್ದರು.

ಗೇರು, ಮುರುಗಲು, ಅರಿಶಿನ

ಕುಂಡು ಅವರ ತಂಡದ ಮುಂದಿದ್ದ ಪ್ರಶ್ನೆ ಸರಳವಾಗಿತ್ತು. ಪಿ300 ಅಗತ್ಯಕ್ಕಿಂತ ಹೆಚ್ಚು ಕೆಲಸ ಮಾಡಿ ಕೋಶವನ್ನು ಕೆಡಿಸುವುದಾದರೆ ಅದರ ಕೈ ಹಿಡಿದು ನಿಲ್ಲಿಸುವ ಅಣು ಯಾವುದು? ಆಗ ಕೈಗೆ ಸಿಗುತ್ತಿದ್ದ ಕೃತಕ ತಡೆಗಳಿಗೆ ಜೀವಕೋಶದ ಗೋಡೆ ದಾಟಿ ಒಳಗೆ ಹೋಗುವ ಶಕ್ತಿ ಇರಲಿಲ್ಲ. ಜಕ್ಕೂರಿನ ತಂಡ ಗಿಡಮರಗಳ ಕಡೆ ತಿರುಗಿತು.

ಮೊದಲು ಸಿಕ್ಕಿದ್ದು ಗೇರು. ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದ ಈ ಮರ ನಮ್ಮ ಕರಾವಳಿಯ ಗುಡ್ಡಗಳಲ್ಲಿ ತನ್ನದೇ ನೆಲ ಎಂಬಂತೆ ಬೆಳೆದಿದೆ. ಬೀಜದ ಸಿಪ್ಪೆಯಲ್ಲಿ ಸುಡುವ ಎಣ್ಣೆ ಇರುತ್ತದೆ. ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರ ಬೆರಳುಗಳನ್ನು ಕಪ್ಪಾಗಿಸಿ ಚರ್ಮ ಸುಲಿಸುವುದು ಅದೇ. ಆ ಎಣ್ಣೆಯಲ್ಲಿ ಹೇರಳವಾಗಿರುವ ಅನಕಾರ್ಡಿಕ್ ಆಮ್ಲ ಪಿ300ರ ಕೆಲಸವನ್ನು ತಡೆಯುತ್ತದೆ ಎಂದು ಕೆ. ಬಾಲಸುಬ್ರಹ್ಮಣ್ಯಂ ಮತ್ತು ಕುಂಡು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಅಚ್ಚರಿ ಇನ್ನೂ ಇತ್ತು. ಅದೇ ಆಮ್ಲವನ್ನು ರಾಸಾಯನಿಕವಾಗಿ ಸ್ವಲ್ಪ ಬದಲಿಸಿ ತಯಾರಿಸಿದ ಸಿಟಿಪಿಬಿ ಎಂಬ ಅಣು ಪಿ300ರ ಕೆಲಸವನ್ನು ಹೆಚ್ಚಿಸಿತು. ಒಂದೇ ಸಿಪ್ಪೆಯಿಂದ ಬೀಗವೂ ಬಂತು, ಬೀಗದ ಕೈಯೂ ಬಂತು.

ಮರುವರ್ಷ, 2004ರಲ್ಲಿ, ಎರಡು ಪ್ರಬಂಧಗಳು ಬಂದವು. ಒಂದು ಗಾರ್ಸಿನಾಲ್ ಬಗ್ಗೆ. ಉತ್ತರ ಕನ್ನಡದವರು ಮುರುಗಲು ಎನ್ನುವ, ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ, ಬೇಸಿಗೆಯಲ್ಲಿ ಶರಬತ್ತು ಮಾಡಿ ಕುಡಿಯುವ ಹಣ್ಣಿನ ಸಿಪ್ಪೆಯಲ್ಲಿರುವ ಅಣು ಇದು. ಗಾರ್ಸಿನಾಲ್ ಜೀವಕೋಶದೊಳಗೆ ಸುಲಭವಾಗಿ ನುಗ್ಗಿ ಅಸಿಟೈಲ್ ಅಂಟಿಸುವ ಕಿಣ್ವಗಳನ್ನು ತಡೆಯಿತು. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಸತ್ತವು. ಇನ್ನೊಂದು ಪ್ರಬಂಧ ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಬಗ್ಗೆ. ಅದು ಪಿ300 ಮತ್ತು ಅದರ ಜೋಡಿ ಕಿಣ್ವವನ್ನು ತಡೆಯುತ್ತದೆ ಎಂದು ತಂಡ ತೋರಿಸಿತು. 2005ರಲ್ಲಿ ಕುಂಡು ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಕೇಳಲು ಸೊಗಸಾಗಿರುತ್ತದೆ. ನಮ್ಮ ಅಡುಗೆಮನೆಯಲ್ಲೇ ಕ್ಯಾನ್ಸರಿಗೆ ಮದ್ದಿದೆ ಎಂದು ಹೆಮ್ಮೆಪಡಬಹುದು. ಹಾಗೆ ಹೆಮ್ಮೆಪಟ್ಟು ಅರಿಶಿನದ ಮಾತ್ರೆ ಮಾರುವವರು ಊರೂರಲ್ಲಿ ಇದ್ದಾರೆ. ಆದರೆ ಜಕ್ಕೂರಿನ ಪ್ರಬಂಧಗಳು ಹೇಳಿದ್ದು ಅದನ್ನಲ್ಲ. ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ಶುದ್ಧ ಅಣುವನ್ನು ಹಾಕುವುದು ಬೇರೆ, ಸಾರಿಗೆ ಅರಿಶಿನ ಹಾಕಿ ಉಣ್ಣುವುದು ಬೇರೆ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ಸೇರಿದ್ದೂ ಬೇಗ ಒಡೆದುಹೋಗುತ್ತದೆ. ಅದರ ಮೇಲಿನ ಸಾವಿರಾರು ಅಧ್ಯಯನಗಳನ್ನು ಜಾಲಾಡಿದ ರಸಾಯನ ವಿಜ್ಞಾನಿಗಳು 2017ರಲ್ಲಿ ಈ ಎಚ್ಚರಿಕೆಯನ್ನು ಬಹಳ ಖಾರವಾಗಿಯೇ ಬರೆದರು. ಗಾರ್ಸಿನಾಲ್‌ಗೂ ತೊಂದರೆಗಳಿದ್ದವು. ಅದು ಒಂದಕ್ಕಿಂತ ಹೆಚ್ಚು ಕಿಣ್ವಗಳನ್ನು ಒಟ್ಟಿಗೇ ತಡೆಯುತ್ತಿತ್ತು, ಕೋಶಗಳಿಗೆ ವಿಷವೂ ಆಗುತ್ತಿತ್ತು. ಆದ್ದರಿಂದ ಕೆ. ಮಂಟೇಲಿಂಗು ಮೊದಲಾದವರು ಅದರ ರಚನೆಯನ್ನು ತಿದ್ದಿ, ಪಿ300 ಒಂದನ್ನೇ ತಡೆಯುವ, ಅಷ್ಟು ವಿಷವಲ್ಲದ ಅಣುವನ್ನು 2007ರಲ್ಲಿ ತಂದರು. ಗಿಡ ಸುಳಿವು ಕೊಟ್ಟಿತು. ಕೆಲಸ ಮನುಷ್ಯರೇ ಮಾಡಬೇಕಾಯಿತು.

ಇದು ನಮ್ಮ ನೆಲಕ್ಕೆ ಹೊಸ ಪಾಠವೇನೂ ಅಲ್ಲ. ದೆಹಲಿಯ ಹಕೀಮ್ ಅಜ್ಮಲ್ ಖಾನ್ ಯುನಾನಿ ವೈದ್ಯ ಪರಂಪರೆಯ ದೊಡ್ಡ ಹೆಸರು. ಸ್ವಾತಂತ್ರ್ಯ ಹೋರಾಟದ ನಾಯಕರಾಗಿದ್ದ ಅವರು ತಮ್ಮ ತಿಬ್ಬಿಯಾ ಕಾಲೇಜಿನಲ್ಲಿ ಔಷಧ ಸಸ್ಯಗಳ ಸಂಶೋಧನೆ ನಡೆಯಬೇಕೆಂದು ಬಯಸಿ, ಜರ್ಮನಿಯಲ್ಲಿ ರಸಾಯನ ವಿಜ್ಞಾನ ಓದಿ ಬಂದ ಸಲೀಮುಝ್ಝಮಾನ್ ಸಿದ್ದೀಕಿಯವರಿಗೆ ಆ ಕೆಲಸ ವಹಿಸಿದರು. ಸಿದ್ದೀಕಿ 1931ರಲ್ಲಿ ಸರ್ಪಗಂಧದ ಬೇರಿನಿಂದ ಹೃದಯಬಡಿತದ ಮೇಲೆ ಕೆಲಸ ಮಾಡುವ ಅಣುವನ್ನು ಬೇರ್ಪಡಿಸಿ, ಅಷ್ಟರಲ್ಲಿ ತೀರಿಕೊಂಡಿದ್ದ ಹಕೀಮರ ನೆನಪಿಗೆ ಅದನ್ನು ಅಜ್ಮಲಿನ್ ಎಂದು ಕರೆದರು. ಅದೇ ಬೇರಿನಲ್ಲಿದ್ದ ರಿಸರ್ಪಿನ್ 1952ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಬೇರ್ಪಟ್ಟು ರಕ್ತದೊತ್ತಡದ ಔಷಧವಾಯಿತು. ಹಕೀಮರಿಗೆ ಬೇರಿನ ಗುಣ ಗೊತ್ತಿತ್ತು. ಆದರೂ ಅವರು ನಮ್ಮಲ್ಲಿ ಎಲ್ಲವೂ ಇದೆ ಎಂದು ಸುಮ್ಮನೆ ಕೂರದೆ ರಸಾಯನ ವಿಜ್ಞಾನಿಯನ್ನು ಕರೆದರು. ಪರಂಪರೆಯ ಮೇಲಿನ ನಿಜವಾದ ಗೌರವ ಇಂಥದ್ದು. 1995ರಲ್ಲಿ ಅಮೆರಿಕದಲ್ಲಿ ಅರಿಶಿನದ ಗಾಯ ಮಾಯಿಸುವ ಗುಣಕ್ಕೆ ಪೇಟೆಂಟ್ ಕೊಟ್ಟಾಗ ನಮ್ಮ ವಿಜ್ಞಾನಿಗಳು ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದುಗೊಳಿಸಿದರು. ಅಲ್ಲಿ ಗ್ರಂಥದ ಸಾಕ್ಷಿ ಸಾಕಾಯಿತು. ಗಡ್ಡೆಯ ಮುಂದೆ ಗ್ರಂಥದ ಸಾಕ್ಷಿ ಸಾಲದು.

ಬಾಯಿಯೊಳಗಿನ ಬೆಂಕಿ

ಜಕ್ಕೂರಿನ ತಂಡ ಮುಂದೆ ಕೈಗೆತ್ತಿಕೊಂಡದ್ದು ಬಾಯಿಯ ಕ್ಯಾನ್ಸರ್. ಭಾರತದ ಪಾಲಿಗೆ ಇದು ದೂರದ ರೋಗವಲ್ಲ. 2020ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.35 ಲಕ್ಷ ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. ಕಾರಣ ಎಲ್ಲರಿಗೂ ಗೊತ್ತು: ಹೊಗೆಸೊಪ್ಪು, ಬೀಡಿ, ಗುಟ್ಕಾ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಡಿಕೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದನ್ನು ಜನ ಬಹುಬೇಗ ಕಲಿತರು.

ರೋಗಿಗಳ ಬಾಯಿಯ ಗಡ್ಡೆಯಿಂದ ತೆಗೆದ ಅಂಗಾಂಶವನ್ನೂ ಅದೇ ರೋಗಿಯ ಪಕ್ಕದ ಆರೋಗ್ಯವಂತ ಅಂಗಾಂಶವನ್ನೂ ತಂಡ ಹೋಲಿಸಿ ನೋಡಿತು. ಗಡ್ಡೆಯಲ್ಲಿ ಹಿಸ್ಟೋನ್‌ಗಳಿಗೆ ಅಸಿಟೈಲ್ ಮಿತಿಮೀರಿ ಅಂಟಿತ್ತು. ನ್ಯೂಕ್ಲಿಯೊಫಾಸ್ಮಿನ್ ಎಂಬ ಇನ್ನೊಂದು ಪ್ರೋಟೀನಿಗೂ ಅಸಿಟೈಲ್ ಹೆಚ್ಚಾಗಿ ಅಂಟಿ, ಅದು ತನ್ನ ಜಾಗ ಬಿಟ್ಟು ಹೊರಬಂದು ಗಡ್ಡೆಗೆ ಅನುಕೂಲವಾದ ಜೀನುಗಳನ್ನು ಎಬ್ಬಿಸುತ್ತಿತ್ತು. ಇದು 2009ರ ಪ್ರಬಂಧ. ಮರುವರ್ಷ ಮೊಹಮ್ಮದ್ ಆರಿಫ್ ಮೊದಲ ಲೇಖಕರಾದ ಪ್ರಬಂಧ ಇದರ ಬೇರನ್ನು ಮುಟ್ಟಿತು. ಉರಿಯೂತವಿರುವ ಕಡೆ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತವೆ. ಆ ಅನಿಲದ ಸಂಕೇತ ಪಿ300ನ್ನು ಕೆರಳಿಸುತ್ತದೆ. ಪಿ300 ತನಗೆ ತಾನೇ ಅಸಿಟೈಲ್ ಅಂಟಿಸಿಕೊಂಡು ಇನ್ನಷ್ಟು ಚುರುಕಾಗುತ್ತದೆ. ಮುಚ್ಚಿರಬೇಕಾದ ಪುಟಗಳು ತೆರೆದುಕೊಳ್ಳುತ್ತವೆ. ಕರ್ಕ್ಯುಮಿನ್‌ನಿಂದ ತಯಾರಿಸಿದ, ಆದರೆ ಅದರಂತಲ್ಲದೆ ನೀರಿನಲ್ಲಿ ಕರಗುವ ಸಿಟಿಕೆ7ಎ ಎಂಬ ಅಣುವನ್ನು ಕೊಟ್ಟಾಗ ಇಲಿಗಳಲ್ಲಿ ಬೆಳೆಸಿದ ಬಾಯಿ ಕ್ಯಾನ್ಸರಿನ ಗಡ್ಡೆ ಬಹಳಷ್ಟು ಕುಗ್ಗಿತು.

ಇಲಿಗಳಲ್ಲಿ. ಈ ಒಂದು ಪದವನ್ನು ಓದುಗರು ದಾಟಿ ಹೋಗಬಾರದು.

ಅದೇ ಪಿ300ರ ಇನ್ನೊಂದು ಮುಖವೂ ಜಕ್ಕೂರಿನಲ್ಲೇ ತೆರೆದುಕೊಂಡಿತು. ಈ ಕಿಣ್ವ ಹುಟ್ಟಿನಿಂದ ಕಳ್ಳನಲ್ಲ. ನೆನಪು ಉಳಿಯಲು, ನರಗಳು ಬೆಳೆಯಲು ಅದು ಬೇಕು. ಅದನ್ನು ಚುರುಕುಗೊಳಿಸುವ ಒಂದು ಅಣುವನ್ನು ಅದೇ ಕೇಂದ್ರದ ಎಂ. ಈಶ್ವರಮೂರ್ತಿಯವರ ತಂಡ ಸಕ್ಕರೆಯಿಂದ ಮಾಡಿದ ಅತಿಸೂಕ್ಷ್ಮ ಇಂಗಾಲದ ಗೋಳಗಳಿಗೆ ಅಂಟಿಸಿ ಮಿದುಳಿಗೆ ಮುಟ್ಟಿಸಲಾಯಿತು. ಫ್ರಾನ್ಸಿನ ವಿಜ್ಞಾನಿಗಳ ಜೊತೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳ ನೆನಪು ಹೆಚ್ಚು ಕಾಲ ಉಳಿಯಿತು. ಬೆನ್ನುಹುರಿಗೆ ಪೆಟ್ಟಾದ ಪ್ರಾಣಿಗಳಲ್ಲಿ ನರದ ಎಳೆಗಳು ಮತ್ತೆ ಬೆಳೆಯಲು ಅದು ನೆರವಾಯಿತು ಎಂದು 2019ರಲ್ಲಿ ಲಂಡನ್ನಿನ ತಂಡದ ಜೊತೆಗಿನ ಅಧ್ಯಯನ ತೋರಿಸಿತು. ಒಂದೆಡೆ ತಡೆಯಬೇಕಾದ ಕಿಣ್ವವನ್ನೇ ಇನ್ನೊಂದೆಡೆ ಎಬ್ಬಿಸಬೇಕು. ಔಷಧ ಮಾಡುವುದು ಏಕೆ ಕಷ್ಟ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಡ.

ಎರಡು ಗಡಿಯಾರಗಳು

ಅಸಿಟೈಲನ್ನು ಕೀಳುವ ಕಿಣ್ವವನ್ನು ತಡೆಯುವ ಮೊದಲ ಔಷಧ ವೊರಿನೋಸ್ಟಾಟ್‌ಗೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು. ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ದುಗ್ಧಕೋಶಗಳ ಕ್ಯಾನ್ಸರಿಗೆ ಅದನ್ನು ಕೊಡುತ್ತಾರೆ. ಅಸಿಟೈಲ್ ಅಂಟಿಸುವ ಕಿಣ್ವವನ್ನು, ಅಂದರೆ ಜಕ್ಕೂರಿನವರು ಬೆನ್ನು ಹತ್ತಿದ ಪಿ300ರ ಆ ಕೆಲಸವನ್ನು, ತಡೆಯುವ ಹೊಸ ಅಣುಗಳು ಕಂಪನಿಗಳ ಪ್ರಯೋಗಾಲಯಗಳಲ್ಲೂ ತಯಾರಾಗಿವೆ; 2017ರಲ್ಲಿ ಪ್ರಕಟವಾದ ಎ-485 ಅವುಗಳಲ್ಲಿ ಹೆಸರಾದದ್ದು. ಕುಂಡು 2018ರಿಂದ 2021ರವರೆಗೆ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದು ಜಕ್ಕೂರಿಗೆ ಮರಳಿದರು. ಔಧದ ನವಾಬರ ಛತ್ತರ್ ಮಂಜಿಲ್ ಅರಮನೆಯಲ್ಲಿ 1951ರಲ್ಲಿ ಆರಂಭವಾದ ಸಂಸ್ಥೆ ಅದು. ಅಣುವನ್ನು ಔಷಧವಾಗಿಸುವುದೇ ಅದರ ಕೆಲಸ. ಆದರೆ ಗೇರು, ಮುರುಗಲು, ಅರಿಶಿನಗಳಿಂದ ಹೊರಟ ಜಕ್ಕೂರಿನ ಅಣುಗಳು ಇನ್ನೂ ಔಷಧದ ಅಂಗಡಿಗೆ ಬಂದಿಲ್ಲ.

ಇದನ್ನು ಸೋಲು ಎನ್ನಬಹುದೇ? ಲೆಕ್ಕ ಹಾಕಿ ನೋಡಿ. 1884ರಲ್ಲಿ ಹಿಸ್ಟೋನ್. 1964ರಲ್ಲಿ ಅಸಿಟೈಲ್. 1996ರಲ್ಲಿ ಕಿಣ್ವ. 2003ರಲ್ಲಿ ಗೇರುಸಿಪ್ಪೆ. 2010ರಲ್ಲಿ ಇಲಿಯ ಗಡ್ಡೆ. ವಿಜ್ಞಾನದ ಗಡಿಯಾರ ಓಡುವುದು ದಶಕಗಳಲ್ಲಿ. ಅದಕ್ಕೆ ಅವಸರ ಮಾಡಿದರೆ ಎಳೆ ಕಡಿಯುತ್ತದೆ. ಇಂಥ ಕೆಲಸಕ್ಕೆ ಸರ್ಕಾರ ಹಣ ಕೊಡಬೇಕು, ನಾಳೆಯೇ ಫಲ ಕೇಳಬಾರದು. ನಮ್ಮ ಹುಡುಗ ಹುಡುಗಿಯರು ಇಂಥ ಕಡೆ ಹೋಗಿ ಕಲಿಯಬೇಕು. ಜಕ್ಕೂರಿನ ಪ್ರಬಂಧಗಳ ಲೇಖಕರ ಪಟ್ಟಿಯನ್ನು ಓದಿದರೆ ಅಲ್ಲಿ ಎಲ್ಲ ಬಗೆಯ ಹೆಸರುಗಳೂ ಇವೆ.

ಆದರೆ ರೋಗಿಯ ಗಡಿಯಾರ ಓಡುವುದು ವಾರಗಳಲ್ಲಿ. ಈ ಎರಡು ಗಡಿಯಾರಗಳನ್ನು ಒಂದೇ ಎಂದು ತಿಳಿಯುವುದರಿಂದ ಆಗುವ ಅನಾಹುತ ದೊಡ್ಡದು. ಕ್ಯಾನ್ಸರಿಗೆ ಅರಿಶಿನ ಮದ್ದು ಎಂದು ವಿಜ್ಞಾನಿಗಳೇ ಹೇಳಿದ್ದಾರಂತೆ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬುತ್ತದೆ. ಬೀಡಿ ಕಟ್ಟುವ ಮನೆಯಲ್ಲಿ, ಗ್ಯಾರೇಜಿನಲ್ಲಿ, ಮಂಡಿಯಲ್ಲಿ ದುಡಿಯುವ ಮನುಷ್ಯ ಆಸ್ಪತ್ರೆಯ ಖರ್ಚಿಗೂ ಗಡ್ಡೆಯ ಹೆಸರಿಗೂ ಹೆದರಿ ಆ ಮಾತನ್ನೇ ಹಿಡಿದುಕೊಳ್ಳುತ್ತಾನೆ. ಅರಿಶಿನ ಹಚ್ಚುತ್ತಾನೆ, ಕಷಾಯ ಕುಡಿಯುತ್ತಾನೆ, ದಮ್ ಮಾಡಿಸಿದ ನೀರು ಕುಡಿಯುತ್ತಾನೆ. ದುವಾ ಮಾಡಬೇಡಿ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ದುವಾ ಮಾಡುತ್ತಲೇ ಆಸ್ಪತ್ರೆಗೆ ಬನ್ನಿ ಎನ್ನುತ್ತಾರೆ. ಆರಂಭದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಿಂದ ಹೋಗಬಹುದಾಗಿದ್ದ ಹುಣ್ಣು ಆರು ತಿಂಗಳ ನಂತರ ಅರ್ಧ ದವಡೆಯನ್ನೇ ಕೇಳುತ್ತದೆ.

ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಸರ್ಕಾರಿ ಆಸ್ಪತ್ರೆ ಅದು. ಆ ಹೆಸರು ಕೇಳಿದರೇ ಸಾವು ನೆನಪಾಗಿ ಬೆಚ್ಚುವವರಿದ್ದಾರೆ. ಬೆಚ್ಚಬೇಕಾದದ್ದು ಆಸ್ಪತ್ರೆಗಲ್ಲ, ತಡಕ್ಕೆ. ಬಾಯಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬರಬರುತ್ತಾ ಕಿರಿದಾಗುವ ಬಾಯಿ, ಕತ್ತಿನಲ್ಲಿ ನೋವಿಲ್ಲದ ಗಂಟು: ಇಷ್ಟರಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಹಲ್ಲಿನ ವೈದ್ಯರಾದರೂ ಸಾಕು, ನೋಡಿ ಮುಂದಿನ ದಾರಿ ಹೇಳುತ್ತಾರೆ. ಜಕ್ಕೂರಿನ ಪ್ರಯೋಗಾಲಯದಲ್ಲಿ ಬಿಚ್ಚಿದ ಎಳೆ ಒಂದು ದಿನ ಬಟ್ಟೆಯಾಗಬಹುದು. ಅಲ್ಲಿಯವರೆಗೆ ನಮ್ಮ ಮನೆಯವರ ಬಾಯಿ ತೆರೆಸಿ ನೋಡುವ ಕೆಲಸ ನಮ್ಮದು.